ಕೇಪಿನ ಕೋವಿಗೆ ಮೊದಲು ನೀರು, ಆಮೇಲೆ ಎಣ್ಣೆ

ನನ್ನ ಹತ್ತಿರ ಮೂತಿಯಿಂದ ಮದ್ದು ತುಂಬಿ, ಸಣ್ಣ ಲೋಹದ ಕೇಪು ಸಿಡಿಸಿ ಹೊಡೆಯುವ ಹಳೆಯ ಕೇಪಿನ ಕೋವಿ ಇದೆ. ಅದರ ನಳಿಗೆಯೊಳಗೆ, ಬುಡದಿಂದ ನಾಲ್ಕು ಬೆರಳು ಮೇಲೆ, ಸಾಸಿವೆ ಕಾಳಿನಷ್ಟು ಒಂದು ಗುಳಿ ಇದೆ. ಬಟ್ಟೆ ಸುತ್ತಿದ ಗಜ (ನಳಿಗೆಯೊಳಗೆ ತೂರಿಸುವ ಉದ್ದ ಕೋಲು) ಅಲ್ಲಿಗೆ ಬಂದಾಗಲೆಲ್ಲ ಕೈಗೆ ಸಣ್ಣಗೆ ತಡೆದಂತೆ ಆಗುತ್ತದೆ. ಅದು ನನ್ನ ತಪ್ಪಿನಿಂದಲೇ ಬಿದ್ದ ಗುಳಿ. ಒಂದು ದಿನ ಗುರಿ ಅಭ್ಯಾಸ ಮುಗಿಸಿ ಬಂದಾಗ ತುಂಬಾ ದಣಿದಿದ್ದೆ. ನಳಿಗೆಗೆ ಒಂದಿಷ್ಟು ಎಣ್ಣೆ ಬಿಟ್ಟು, ನಾಳೆ ತೊಳೆದರಾಯ್ತು ಅಂತ ಕೋವಿಯನ್ನು ಮೂಲೆಗೆ ಒರಗಿಸಿದೆ. ಆ ನಾಳೆ ಬರುವಷ್ಟರಲ್ಲಿ ಹತ್ತು ದಿನ ಕಳೆದಿತ್ತು, ಅದೂ ಮಳೆಗಾಲದಲ್ಲಿ.

ಎಣ್ಣೆ ಹಾಕಿದ್ದೆನಲ್ಲ, ಮತ್ತೆ ತುಕ್ಕು ಯಾಕೆ? ಕಪ್ಪು ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತದೆ. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಗಟ್ಟಿ ಪುಡಿಯಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹೋಗುತ್ತದೆ, ಮಿಕ್ಕಿದ್ದು ನಳಿಗೆಗೆ ಅಂಟುತ್ತದೆ. ಅದರಲ್ಲಿ ಹೆಚ್ಚಿನದು ಪೊಟ್ಯಾಸಿಯಂನ ಲವಣಗಳು. ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವುದೇ ಅವುಗಳ ಕೆಲಸ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ, ಅಲ್ವಾ? ನಾನು ಮಾಡಿದ್ದು ಉಪ್ಪಿನ ಮೇಲೆ ಎಣ್ಣೆಯ ಮುಚ್ಚಳ ಹಾಕಿದ ಹಾಗೆ. ಕೆಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಿತ್ತು.

ತೊಳೆಯುವ ಮೊದಲು ಕೋವಿ ಖಾಲಿ ಇದೆಯಾ ನೋಡಬೇಕು. ಈಗಷ್ಟೇ ಹೊಡೆದು ಬಂದಿದ್ದರೂ ನೋಡಿ. ಯಾರದೋ ಅಟ್ಟದಿಂದ ಇಳಿಸಿದ ಕೋವಿಯಾದರೆ ಬಿಡಲೇಬೇಡಿ. ಮೂತಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ. ಕೇಪು ಇದ್ದರೆ ತೆಗೆಯಿರಿ. ಮುಖ ಪಕ್ಕಕ್ಕೆ ಇಟ್ಟುಕೊಂಡು ಗಜವನ್ನು ನಿಧಾನವಾಗಿ ತಳ ಮುಟ್ಟುವ ತನಕ ಇಳಿಸಿ. ಅದು ನಳಿಗೆಯ ಬಾಯಿಗೆ ಸರಿಯಾಗಿ ಬರುವಲ್ಲಿ ಉಗುರಿನಿಂದ ಹಿಡಿದು ಹೊರಗೆ ತೆಗೆಯಿರಿ. ಈಗ ಅದೇ ಗಜವನ್ನು ನಳಿಗೆಯ ಹೊರಮೈಗೆ ಹೊಂದಿಸಿ, ಉಗುರು ಬಾಯಿಯ ಅಂಚಿಗೆ ಬರುವಂತೆ ಇಟ್ಟು ನೋಡಿ. ತುದಿ ಕೇಪು ಕೂರುವ ನಿಪ್ಪಲ್ ಹತ್ತಿರ ಬಂದರೆ ಒಳಗೆ ಏನೂ ಇಲ್ಲ. ಎರಡು ಬೆರಳು ಹಿಂದೆಯೇ ನಿಂತರೆ ಒಳಗೆ ಮದ್ದು, ಗುಂಡು ಇದೆ ಎಂದೇ ತಿಳಿಯಿರಿ. ಕೆಲವು ಕೋವಿಗಳ ಬುಡ ಒಳಗೆ ಕಿರಿದಾಗಿರುವುದರಿಂದ ಖಾಲಿ ಇದ್ದರೂ ಗಜ ಸ್ವಲ್ಪ ಮೇಲೆ ನಿಲ್ಲಬಹುದು. ಆದರೂ ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ, ಕೋವಿ ರಿಪೇರಿ ಬಲ್ಲವರಿಗೆ ತೋರಿಸಿ. ಒಣಗಿದ ಮದ್ದು ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ.

ಇನ್ನು ಬಿಚ್ಚುವ ಕೆಲಸ. ಇಲ್ಲಿ ಆತುರ ಮಾಡಬೇಡಿ. ಅಂಗಡಿಯ ಸ್ಕ್ರೂಡ್ರೈವರ್‌ನ ತುದಿ ಬೆಣೆಯ ಹಾಗೆ ಇಳಿಜಾರಾಗಿರುತ್ತದೆ. ಹಳೆಯ ಸ್ಕ್ರೂಗಳ ಸೀಳು ತೆಳ್ಳಗೆ, ಎರಡೂ ಗೋಡೆ ನೆಟ್ಟಗೆ ಇರುತ್ತವೆ. ಬೆಣೆ ತಳ ಮುಟ್ಟದೆ ಮೇಲಂಚಿಗೆ ಮಾತ್ರ ಸಿಕ್ಕುತ್ತದೆ. ತಿರುಗಿಸಿದ ಕೂಡಲೇ ಜಾರಿ ಅಂಚನ್ನು ಕಿತ್ತುಹಾಕುತ್ತದೆ. ನಾನು ಒಂದು ಹಳೆಯ ಸ್ಕ್ರೂಡ್ರೈವರನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ. ತುದಿಯನ್ನು ವೈಸ್‌ನಲ್ಲಿ ಹಿಡಿಸಿ, ನುಣುಪು ಅರದಿಂದ ಎರಡೂ ಮಗ್ಗುಲನ್ನು ಸಮಾನಾಂತರವಾಗಿ ಉಜ್ಜಿದೆ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ತರುವಾಗ ಎತ್ತಬೇಕು. ನಾಲ್ಕು ಸಲ ಉಜ್ಜಿ ಒಮ್ಮೆ ಸೀಳಿಗೆ ಇಟ್ಟು ನೋಡಬೇಕು. ತುದಿ ಸೀಳಿನ ತಳಕ್ಕೆ ಇಳಿದು, ಅಲುಗಾಡದೆ, ಸ್ಕ್ರೂ ತಲೆಯಷ್ಟೇ ಅಗಲಕ್ಕೆ ಕೂತರೆ ಸಾಕು. ಮೆಷಿನ್ ಚಕ್ರಕ್ಕೆ ಹಿಡಿಯಬೇಡಿ. ಬಿಸಿಯೇರಿ ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು ಅಂತಲೇ ಅರ್ಥ.

ಲಾಕ್, ಅಂದರೆ ಮರದ ಪಕ್ಕದಲ್ಲಿ ಕೂರುವ ಹೊಡೆತದ ಯಂತ್ರ, ಬಿಚ್ಚುವಾಗ ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆಯನ್ನು) ಅರ್ಧಕ್ಕೆ ಎಳೆದು ನಿಲ್ಲಿಸಿ. ಸ್ಕ್ರೂಗಳನ್ನು ಎರಡು ಮೂರು ಸುತ್ತು ಸಡಿಲಿಸಿ, ಅವುಗಳ ತಲೆಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಲಾಕ್ ತಾನಾಗಿ ಮೇಲೆ ಬರುತ್ತದೆ. ಮೀಟಿದರೆ ಮರದ ಅಂಚು ಚಕ್ಕೆ ಏಳುತ್ತದೆ. ಸ್ಕ್ರೂಗಳನ್ನು ಒಂದು ಹಲಗೆಗೆ ತೂತು ಮಾಡಿ, ಬಿಚ್ಚಿದ ಕ್ರಮದಲ್ಲೇ ನಿಲ್ಲಿಸಿ. ಸ್ಕ್ರೂ ಥ್ರೆಡ್‌ಗೆ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್ವರ್ತ್ ಸೂಚಿಸಿದ್ದು 1841ರಲ್ಲಿ. ಅಂಥ ಒಂದೇ ಅಳತೆ ಇಲ್ಲದೆ ಕೈಯಲ್ಲೇ ಮಾಡಿದ ಕೋವಿಗಳಲ್ಲಿ ಒಂದು ತೂತಿನ ಸ್ಕ್ರೂ ಪಕ್ಕದ ತೂತಿಗೆ ಕೂರದೇ ಹೋಗಬಹುದು.

ನಳಿಗೆ ಮರದಿಂದ ಬೇರೆಯಾಗುವಂತಿದ್ದರೆ ತೆಗೆಯಿರಿ, ನಿಪ್ಪಲನ್ನೂ ಅದರ ಕೀಲಿಯಿಂದ ಬಿಚ್ಚಿ. ಬುಡವನ್ನು ಬಕೆಟ್ ನೀರಿನಲ್ಲಿ ನಿಲ್ಲಿಸಿ, ಒಂದೆರಡು ತೊಟ್ಟು ಸೋಪು ಹಾಕಿ. ಬಿಗಿಯಾಗಿ ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಎಳೆದರೆ ನಿಪ್ಪಲ್ ತೂತಿನಿಂದ ನೀರು ಒಳಗೆ ಏರಿ, ಮಸಿಯಂತೆ ಹೊರಗೆ ಚಿಮ್ಮುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಗಂಧಕದ್ದು, ಹೆದರಬೇಡಿ. ಕೆಲವರು ಕುದಿಯುವ ನೀರನ್ನೇ ಬಳಸುತ್ತಾರೆ. ಬೇಗ ಒಣಗುತ್ತದೆ ನಿಜ, ಆದರೆ ಬಿಸಿಯಾದ ಕಬ್ಬಿಣದ ಮೇಲೆ ನೋಡನೋಡುತ್ತಲೇ ಕೆಂಪು ತುಕ್ಕಿನ ಪೊರೆ ಏಳುತ್ತದೆ. ನನಗೆ ಕೈ ತಾಳುವಷ್ಟು ಬೆಚ್ಚಗಿನ ನೀರೇ ಸರಿ. ನೀರು ತಿಳಿಯಾಗುವ ತನಕ ಬದಲಿಸುತ್ತಾ ಇರಿ. ನಿಪ್ಪಲನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ತೂತಿಗೆ ತೆಳು ತಂತಿ ಹಾಯಿಸಿ. ಕುದುರೆಯ ತಲೆಯ ಗುಳಿಯನ್ನೂ ಒರೆಸಿ.

ಆಮೇಲೆ ಒಣಬಟ್ಟೆ. ಐದಾರು ತುಂಡು ಬೇಕಾಗುತ್ತದೆ. ಕೊನೆಯದು ಒಣಗಿಯೇ ಹೊರಗೆ ಬಂದ ಮೇಲೆ ತೆಳುವಾಗಿ ಎಣ್ಣೆ ಸವರಿ. ಮುಂದಿನ ಸಲ ಮದ್ದು ಹಾಕುವ ಮೊದಲು ಈ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ಮದ್ದು ತೇವ ಹಿಡಿಯುತ್ತದೆ, ಮಸಿಯೂ ಡಾಂಬರಿನಂತೆ ಅಂಟುತ್ತದೆ. ಮರಕ್ಕೆ ಅಂಗೈಯಲ್ಲಿ ಎರಡು ಹನಿ ಅಗಸೆ ಎಣ್ಣೆ ಉಜ್ಜಿದರೆ ಸಾಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಮರುದಿನ ಬೆಳಿಗ್ಗೆ ಮತ್ತೊಮ್ಮೆ ಬಿಳಿ ಬಟ್ಟೆ ಹಾಯಿಸಿ ನೋಡಿ. ಎಣ್ಣೆಯ ಬಣ್ಣವಷ್ಟೇ ಇದ್ದರೆ ಕೋವಿಯನ್ನು ಒಳಗಿಡಿ. ಕಂದು ಗೆರೆ ಕಂಡರೆ ಇನ್ನೊಮ್ಮೆ ಬಕೆಟ್ ತುಂಬಿಸಿ.