ಹಳೆಯ ಉಗಿದೋಣಿಯನ್ನು ಮತ್ತೆ ನೀರಿಗಿಳಿಸುವ ಬಗೆ

ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದಲ್ಲಿ 1895ರ ಕಡುಚಳಿಗೆ ಸಿಕ್ಕಿ ಮುಳುಗಿದ ‘ಡಾಲಿ’ ಎಂಬ ಉಗಿದೋಣಿಯನ್ನು 1962ರಲ್ಲಿ ಮೇಲೆತ್ತಿದಾಗ, 1850ರ ಸುಮಾರಿಗೆ ಕಟ್ಟಿದ ಅದರ ಒಡಲಷ್ಟೇ ಅಲ್ಲದೆ ಎಂಜಿನ್ ಮತ್ತು ಬಾಯ್ಲರ್ ಕೂಡ ಉಳಿದಿದ್ದವು. ಸಿಹಿನೀರಿನಲ್ಲಿ ಮರ ಕೊರೆಯುವ ಕಡಲಹುಳುಗಳಿಲ್ಲ. ಕೆಸರಿನಲ್ಲಿ ಆಮ್ಲಜನಕವೂ ಕಡಿಮೆ. ಹೀಗೆ ನೀರು ಕಾಪಾಡಿದ್ದನ್ನು ನಮ್ಮ ಅವಸರ ಕೆಡಿಸಬಾರದು. ನೆನೆದ ದೋಣಿಯನ್ನು ಬಿಸಿಲಿಗಿಟ್ಟರೆ ಹಲಗೆಗಳು ಒಂದೇ ಸಮನೆ ಕುಗ್ಗದೆ ಸೀಳುತ್ತವೆ. ಆದ್ದರಿಂದ ನೆರಳಿನಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ನಿಧಾನವಾಗಿ ಆರಲು ಬಿಡಬೇಕು.

ಏನನ್ನೂ ಬಿಚ್ಚುವ ಮೊದಲು ಅಳತೆ ತೆಗೆದು, ಪ್ರತಿ ಭಾಗದ ಚಿತ್ರ ತೆಗೆದು, ಬಿಚ್ಚಿದ್ದಕ್ಕೆಲ್ಲ ಚೀಟಿ ಕಟ್ಟಿಡಬೇಕು. ಬಾಯ್ಲರಿನ ಹೊದಿಕೆಯಲ್ಲಿ, ಉಸಿರಿನೊಂದಿಗೆ ಒಳಹೋದರೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದನ್ನು ತರಬೇತಿ ಪಡೆದವರಿಂದಲೇ ತೆಗೆಸಬೇಕು.

ಒಡಲಿನ ಪರೀಕ್ಷೆಗೆ ಒಂದು ದಬ್ಬಳ ಸಾಕು. ಗಟ್ಟಿ ಮರ ಮೊನೆಯನ್ನು ತಡೆದು ನಿಲ್ಲಿಸುತ್ತದೆ. ಕೊಳೆತ ಮರದೊಳಗೆ ಅದು ಸದ್ದಿಲ್ಲದೆ ಇಳಿಯುತ್ತದೆ. ತಳದ ತೊಲೆಗೆ ಹಲಗೆ ಕೂಡುವ ಕಡೆ, ಮಳೆನೀರು ನಿಲ್ಲುವ ಮೂಲೆಗಳಲ್ಲಿ ಹೆಚ್ಚು ಗಮನ ಬೇಕು. ಕೊಳೆತಷ್ಟನ್ನೇ ಕತ್ತರಿಸಿ ಅದೇ ಜಾತಿಯ ಮರವನ್ನು ಬೆಸೆಯುವುದು, ಇಡೀ ಹಲಗೆ ಬದಲಿಸುವುದಕ್ಕಿಂತ ಶ್ರಮದ ಕೆಲಸವಾದರೂ, ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ದಾರಿ. ಎಲ್ಲವನ್ನೂ ಹೊಸದಾಗಿಸಿದರೆ ಉಳಿಯುವುದು ಹಳೆಯ ದೋಣಿಯ ನಕಲು ಮಾತ್ರ. ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಪಕ್ಕೆಗಳು ಮುರಿದಿದ್ದರೆ, ಅವುಗಳಿಗೆ ಓಕ್ ಪಟ್ಟಿಗಳನ್ನು, ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆಯಂತೆ, ಉಗಿಪೆಟ್ಟಿಗೆಯಲ್ಲಿ ಬೇಯಿಸಬೇಕು. ಹೊರತೆಗೆದ ಕೂಡಲೇ ಬಾಗಿಸಿ ಬಿಗಿಯಬೇಕು, ಏಕೆಂದರೆ ಮರ ತಣಿದರೆ ಮತ್ತೆ ಬಗ್ಗುವುದಿಲ್ಲ. ಇಬ್ಬರು ಕೈಗವಸು ತೊಟ್ಟು ನಿಂತಿರಲಿ. ಹಲಗೆಗಳ ಸಂದುಗಳಿಗೆ ಹತ್ತಿಯ ಎಳೆಯನ್ನು ತುರುಕಿ, ಮೇಲೆ ಮೇಣದಂಥ ಲಪ್ಪ (ಪುಟ್ಟಿ) ತುಂಬಬೇಕು. ಹತ್ತಿಯನ್ನು ತೀರ ಬಿಗಿಯಾಗಿ ಹೊಡೆದರೆ, ನೀರು ಕುಡಿದು ಉಬ್ಬುವ ಹಲಗೆಗಳು ಪಕ್ಕೆಗಳ ಮೊಳೆಗಳನ್ನೇ ಕೀಳಬಲ್ಲವು.

ಬಾಯ್ಲರಿನ ವಿಷಯದಲ್ಲಿ ಮಾತ್ರ ಹಳೆಯದರ ಮೇಲಿನ ಪ್ರೀತಿಗೆ ಕಡಿವಾಣವಿರಲಿ. ತಗಡಿನ ದಪ್ಪವನ್ನು ಶ್ರವಣಾತೀತ (ಅಲ್ಟ್ರಾಸಾನಿಕ್) ಅಲೆಗಳಿಂದ ಅಳೆದು, ಒಳಗೆಲ್ಲ ತಣ್ಣೀರು ತುಂಬಿ, ಸಾಮಾನ್ಯವಾಗಿ ಬಾಯ್ಲರ್ ಕೆಲಸ ಮಾಡುವಾಗಿನ ಒತ್ತಡದ ಒಂದೂವರೆ ಪಟ್ಟಿನಲ್ಲಿ, ಅಧಿಕೃತ ಪರೀಕ್ಷಕರ ಎದುರಿಗೇ ಪರೀಕ್ಷಿಸಬೇಕು. ತಣ್ಣೀರೇ ಏಕೆಂದರೆ, ನೀರು ಒತ್ತಡಕ್ಕೆ ಬಹಳ ಕಡಿಮೆ ಕುಗ್ಗುವುದರಿಂದ ತಗಡು ಸೋತರೂ ಬಹುಮಟ್ಟಿಗೆ ನೀರು ಚಿಮ್ಮಿ ನಿಲ್ಲುತ್ತದೆ, ಉಗಿಯಾದರೆ ಸಿಡಿಯುತ್ತದೆ. ಪಾಸಾಗದ ಬಾಯ್ಲರನ್ನು ವಸ್ತುಸಂಗ್ರಹಕ್ಕೆ ಉಳಿಸಿ, ದೋಣಿಗೆ ಹೊಸದನ್ನು ಹಾಕಿಸಬೇಕು. ಮೊದಲ ಬೆಂಕಿ ಸಣ್ಣದಿರಲಿ. ಲೋಹ ಸಮನಾಗಿ ಹಿಗ್ಗುವಂತೆ ಹಲವು ಗಂಟೆ ಕಾಯಿಸುತ್ತ, ನೀರಿನ ಮಟ್ಟ ತೋರಿಸುವ ಗಾಜಿನಿಂದ ಕಣ್ಣು ತೆಗೆಯಬಾರದು.

ನೀರಿಗಿಳಿಸಿದ ಮೊದಲ ದಿನ ದೋಣಿ ಸೋರುತ್ತದೆ, ಗಾಬರಿ ಬೇಡ. ಪಂಪು ಸಿದ್ಧವಿಟ್ಟುಕೊಂಡು, ದೋಣಿಯನ್ನು ಎತ್ತುಪಟ್ಟಿಗಳಲ್ಲಿ ತೂಗಿಸಿ ನಿಲ್ಲಿಸಿದರೆ, ಹಲಗೆಗಳು ಉಬ್ಬಿ ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ. ಚಳಿಗಾಲಕ್ಕೆ ಮುಂಚೆ ಬಾಯ್ಲರ್, ಸಿಲಿಂಡರ್, ಕೊಳವೆಗಳ ನೀರನ್ನೆಲ್ಲ ಹರಿಯಬಿಟ್ಟು, ಕೆರೆ ಹೆಪ್ಪುಗಟ್ಟುವ ಮೊದಲೇ ದೋಣಿಯನ್ನು ದಡಕ್ಕೆಳೆದಿಡಿ.