ಶುಗರ್ ಸೆನ್ಸರ್ ಸುಳ್ಳು ಹೇಳುತ್ತಿದೆಯೇ? ಮೊದಲು ಕೈ ತೊಳೆಯಿರಿ

ಮೇ ತಿಂಗಳಲ್ಲಿ ಅಂಕೋಲೆಯಿಂದ ದೊಡ್ಡಪ್ಪ ಫೋನ್ ಮಾಡಿದ್ದರು. ತೋಳಿಗೆ ಅಂಟಿಸಿಕೊಂಡ, ದಿನವಿಡೀ ಸಕ್ಕರೆ ಅಳೆಯುವ ಬಿಲ್ಲೆಯಂಥ ಸೆನ್ಸರ್ 168 ತೋರಿಸುತ್ತಿದೆ, ಬೆರಳು ಚುಚ್ಚಿದರೆ ಗ್ಲೂಕೋಮೀಟರಿನಲ್ಲಿ 251. ‘ಈ ಬಿಲ್ಲೆ ಬರೀ ಸುಳ್ ಹೇಳ್ತದೆ ತಮಾ.’ ಚುಚ್ಚುವ ಮುಂಚೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಮೊಮ್ಮಕ್ಕಳಿಗೆ ಕರಿ ಈಶಾಡು ಮಾವು ಹೆಚ್ಚಿಕೊಡುತ್ತಿದ್ದರಂತೆ. (2023ರಲ್ಲಿ ಆ ಮಾವಿಗೆ ಜಿಐ ಟ್ಯಾಗ್, ಅಂದರೆ ನಮ್ಮೂರಿನದೇ ಹಣ್ಣೆಂಬ ಸರಕಾರಿ ಮುದ್ರೆ, ಸಿಕ್ಕ ಮೇಲಂತೂ ಅವರ ಕೈಯಿಂದ ಹಣ್ಣು ಬಿಡಿಸಲು ಯಾರಿಂದಲೂ ಆಗಿಲ್ಲ.) ಕೈಯನ್ನು ಪಂಚೆಗೆ ಒರೆಸಿಕೊಂಡು ಚುಚ್ಚಿದ್ದರು. ಸೋಪು ಹಾಕಿ ತೊಳೆದು, ಒಣಗಿಸಿ ಮತ್ತೆ ನೋಡಿದರೆ 181.

ಆದ್ದರಿಂದ ಸೆನ್ಸರನ್ನು ಪರೀಕ್ಷೆಗೆ ಹಚ್ಚುವ ಮೊದಲು ಬೆರಳನ್ನು ಸರಿಮಾಡಿ. ಸ್ಯಾನಿಟೈಸರ್ ಸಾಲದು, ಹಣ್ಣಿನ ಸಕ್ಕರೆ ಹೋಗಲು ನೀರೇ ಬೇಕು. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ತೆಗೆದಷ್ಟೇ ಬೇಗ ಹಾಕಿ. ನಮ್ಮ ಕರಾವಳಿಯ ಥಂಡಿ ಹಪ್ಪಳವನ್ನೇ ಬಿಡುವುದಿಲ್ಲ.

ಇನ್ನು ಹೊತ್ತು. ಸೆನ್ಸರಿನ ಕೂದಲೆಳೆಯಂಥ ತಂತಿ ಇರುವುದು ರಕ್ತದಲ್ಲಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವಿನ ದ್ರವದಲ್ಲಿ. ರಕ್ತದ ಸಕ್ಕರೆ ಅಲ್ಲಿಗೆ ಮುಟ್ಟಲು 5ರಿಂದ 10 ನಿಮಿಷ, ಕೆಲವೊಮ್ಮೆ 15 ನಿಮಿಷ ಹಿಡಿಯುತ್ತದೆ. ಗಂಜಿ ಉಂಡ ಅರ್ಧ ಗಂಟೆಗೋ, ಕಾರವಾರದ ಕಡಲತೀರದಲ್ಲಿ ಬಿರುಸಾಗಿ ನಡೆದು ಬಂದ ಕೂಡಲೋ ತಾಳೆ ನೋಡಿದರೆ ಎರಡೂ ಜಗಳವಾಡುವುದು ಸಹಜ. ಬೆಳಿಗ್ಗೆ ತಿಂಡಿಗೆ ಮುಂಚೆ, ತೆರೆಯ ಮೇಲಿನ ಬಾಣ ಅಡ್ಡಡ್ಡ ಮಲಗಿರುವಾಗ, ಅಂದರೆ ಸಕ್ಕರೆ ಏರಿಳಿಯದೆ ನಿಂತಿರುವಾಗ ನೋಡಿ. ಆಗ 20 ಶೇಕಡಾದ ಒಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. 70ಕ್ಕಿಂತ ಕೆಳಗಾದರೆ 20 ಅಂಕದ ಒಳಗೆ ಇದ್ದರಾಯಿತು. ಗ್ಲೂಕೋಮೀಟರಿಗೇ 100ರ ಮೇಲೆ 15 ಶೇಕಡಾ ಹೆಚ್ಚುಕಡಿಮೆಯ ವಿನಾಯಿತಿ ಇದೆ. ಬೆರಳಿನ ಅಂಕಿಯನ್ನು ಸೆನ್ಸರಿಗೆ ಉಣಿಸಿ ಸರಿಹೊಂದಿಸುವ ಮಾದರಿ ನಿಮ್ಮದಾದರೆ ಅದಕ್ಕೂ ಇದೇ ಹೊತ್ತು. ಸಿಟ್ಟಿನಲ್ಲಿ ಗಂಟೆಗೊಮ್ಮೆ ತಿದ್ದುತ್ತ ಹೋದರೆ ಅದು ಇನ್ನಷ್ಟು ದಾರಿ ತಪ್ಪುತ್ತದೆ.

ಹೊಸದನ್ನು ಹಾಕುವ ದಿನ ಎಣ್ಣೆಸ್ನಾನ ಬೇಡ. ತೋಳಿನ ಹಿಂಭಾಗವನ್ನು ಸೋಪಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ಕೂತು ಬೆವರು ಪೂರ್ತಿ ಆರಿದ ಮೇಲೆ ಅಂಟಿಸಿ. ಸೆಖೆಯಲ್ಲಿ ಅಂಚು ಏಳತೊಡಗಿದರೆ ತಂತಿ ಅಲುಗಾಡಿ ರೀಡಿಂಗ್ ಕೆಡುತ್ತದೆ, ಮೇಲೊಂದು ಟೇಪು ಹಾಕಿ. ಬಿಲ್ಲೆಯ ನಡುವೆ ಸಣ್ಣ ತೂತಿದ್ದರೆ ಮುಚ್ಚಬೇಡಿ. ಗಾಯದ ಕಲೆ, ಇನ್ಸುಲಿನ್ ಚುಚ್ಚುವ ಜಾಗ ಬಿಟ್ಟು, ಪ್ರತಿಸಲ ತೋಳು ಬದಲಿಸಿ. ಮೊದಲ ದಿನದ ಅಂಕಿಗಳನ್ನು ಅರ್ಧ ನಂಬಿದರೆ ಸಾಕು, ಚುಚ್ಚಿದ ನೋವು ಒಳಗೆ ಮಾಯಬೇಕಲ್ಲ.

ಮಾತ್ರೆಗಳನ್ನೂ ನೆನಪಿಡಿ. ದಿನಕ್ಕೆ 500 ಮಿಲಿಗ್ರಾಂ ಮೀರಿದ ವಿಟಮಿನ್ ಸಿ ಕೆಲವು ಸೆನ್ಸರುಗಳಲ್ಲಿ ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಇನ್ನು ಕೆಲವಕ್ಕೆ ಪ್ಯಾರಾಸಿಟಮಾಲ್ ಆಗದು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ, ಓದುವವರು ಕಡಿಮೆ.

ರಾತ್ರಿ ಎರಡಕ್ಕೆ ಅಲಾರಂ ಕೂಗಿ 58 ಎಂದರೆ, ಸೆನ್ಸರ್ ಇರುವ ಮಗ್ಗುಲಿಗೇ ಮಲಗಿದ್ದಿರಾ ನೋಡಿ. ಒತ್ತಡ ಬಿದ್ದರೆ ಅಂಕಿ ಸುಳ್ಳೇ ಕುಸಿಯುತ್ತದೆ. ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ನೋಡಿ. ಆದರೆ ಮೈ ಬೆವೆತು ಕೈ ನಡುಗುತ್ತಿದ್ದರೆ ಪರೀಕ್ಷೆ ಆಮೇಲೆ, ಮೊದಲು ಸಕ್ಕರೆ ನೀರು.