ಬಿಸಿನೀರಿನ ಕುಂಡಗಳ ಸಾಲು ಹಿಡಿದು ಕೊಂಕಣಕ್ಕೆ ಬೈಕ್ ಸವಾರಿ

ಕೊಂಕಣದ ಬಿಸಿನೀರಿನ ಬುಗ್ಗೆಗಳು ಬೈಕಿನವರಿಗೆ ಅಂತಲೇ ಜೋಡಿಸಿಟ್ಟ ಹಾಗಿವೆ. ರಾಜಾಪುರದ ಪಕ್ಕ ಉನ್ಹಾಳೆ, ಸಂಗಮೇಶ್ವರ ದಾಟಿದರೆ ರಾಜವಾಡಿ, ತುರಳ, ಆರವಲಿ, ದಾಪೋಲಿ ಕಡೆ ಉನ್ಹವರೆ, ಮಹಾಡದ ಹತ್ತಿರ ಸವ, ಕೊನೆಗೆ ಮುಂಬೈ ದಾಟಿ ವಜ್ರೇಶ್ವರಿ ಮತ್ತು ಗಣೇಶಪುರಿ. ಸಮುದ್ರಕ್ಕೂ ಸಹ್ಯಾದ್ರಿಗೂ ನಡುವೆ ಹೆಚ್ಚುಕಡಿಮೆ ಒಂದೇ ಸಾಲು. ಇದಕ್ಕೆ ಜ್ವಾಲಾಮುಖಿ ಕಾರಣ ಅಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ತುಂಬಾ ಆಳಕ್ಕೆ ಇಳಿದು, ಅಲ್ಲಿ ಕಾದು, ಮತ್ತೆ ಮೇಲೆ ಬರುತ್ತದೆ. ಆ ಬಿರುಕುಗಳು ಕರಾವಳಿಯುದ್ದಕ್ಕೂ ಇವೆ, 66ನೇ ಹೆದ್ದಾರಿಯೂ ಅದೇ ದಿಕ್ಕಿಗೆ ಹೋಗುತ್ತದೆ.

ನಾನು ಹೊರಟಿದ್ದು ಪುತ್ತೂರಿನ ಬೆಂದ್ರ್ ತೀರ್ಥದಿಂದ. ಅಲ್ಲಿ ನೀರು ಬೆಚ್ಚಗೆ ಅಷ್ಟೇ. ಆದರೂ ನಮ್ಮ ಕಡೆಯ ಬುಗ್ಗೆಗೆ ಕೈ ಅದ್ದದೆ ಬೇರೆ ಊರಿನದ್ದು ಹುಡುಕಿಕೊಂಡು ಹೋಗೋದು ಯಾಕೋ ಸರಿ ಅನ್ನಿಸಲಿಲ್ಲ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ಕುಂಡ ಇರಬೇಕಾದ್ದು ದಿನದ ಕೊನೆಗೆ, ಮಧ್ಯಕ್ಕಲ್ಲ. ಬಿಸಿನೀರಲ್ಲಿ ಕೂತು ಎದ್ದ ಮೇಲೆ ರಕ್ತದೊತ್ತಡ ಇಳಿಯುತ್ತದೆ, ಬೆವರಿ ಮೈಯ ನೀರೂ ಹೋಗಿರುತ್ತದೆ. ಆ ಸ್ಥಿತಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಲಾರಿಗಳ ನಡುವೆ ನುಗ್ಗೋದು ಧೈರ್ಯ ಅಲ್ಲ, ಹುಚ್ಚು. ಹಾಗಾಗಿ ನಾನು ಮೊದಲು ಹತ್ತಿರದಲ್ಲಿ ರೂಮು ಹಿಡಿದು, ಲಗೇಜ್ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದೆ. ನೀರಲ್ಲಿ ಹತ್ತು ನಿಮಿಷ, ಹೊರಗೆ ಐದು ನಿಮಿಷ, ಬೇಕಾದರೆ ಮತ್ತೊಂದು ಸಲ. ಬೆನ್ನು, ಮಣಿಕಟ್ಟು, ಮಂಡಿ ಎಲ್ಲ ಸಡಿಲ ಆಗುತ್ತಿತ್ತು. ಚರ್ಮರೋಗ ವಾಸಿ ಆಗುತ್ತೆ ಅಂತ ಜನ ಹೇಳುತ್ತಾರೆ, ನನಗೆ ಅಂಥದ್ದೇನೂ ಇರಲಿಲ್ಲ, ಹಾಗಾಗಿ ಆ ಬಗ್ಗೆ ಸಾಕ್ಷಿ ಹೇಳಲಾರೆ.

ತುರಳದ ನೀರು ಬುಗ್ಗೆಯ ಬಾಯಲ್ಲಿ ಸುಮಾರು 60 ಡಿಗ್ರಿ, ಉನ್ಹವರೆಯದು 70ರ ಆಸುಪಾಸು. ಸುಮ್ನೆ ಕಾಲಿಟ್ಟರೆ ಸುಡುತ್ತದೆ, ಅಲ್ವಾ? ನೀರು ಹರಿದು ಆರಿದ ಕಡೆ ಹುಡುಕಿ, ಮೊದಲು ಚೊಂಬಿನಲ್ಲಿ ಕಾಲಿಗೆ ಸುರಿದುಕೊಳ್ಳಿ. ಗಂಧಕದ ವಾಸನೆ, ಅಂದರೆ ಕೊಳೆತ ಮೊಟ್ಟೆಯ ವಾಸನೆ, ಸ್ವಲ್ಪ ಹೊತ್ತಿಗೆ ಮೂಗಿಗೆ ರೂಢಿ ಆಗುತ್ತದೆ. ಬೆಳ್ಳಿ ಉಂಗುರ, ಉಡಿದಾರ ತೆಗೆದಿಡಿ, ಕಪ್ಪಾಗುತ್ತವೆ. ನೀರಲ್ಲಿ ಉಪ್ಪು, ಖನಿಜ ಜಾಸ್ತಿ. ಮೈ ಹಾಗೇ ಒಣಗಿ ಮೇಲೆ ಜಾಕೆಟ್ ಹಾಕಿದರೆ ಕತ್ತು, ಕಂಕುಳು ಉರಿಯುತ್ತವೆ, ಅದಕ್ಕೆ ಕೊನೆಗೆ ಒಂದು ಬಕೆಟ್ ತಣ್ಣೀರು ಬೇಕೇ ಬೇಕು. ಸೋಪು ಮಾತ್ರ ಕುಂಡದ ಹತ್ತಿರ ತರಬೇಡಿ.

ವಜ್ರೇಶ್ವರಿಯಲ್ಲಿ ಸ್ನಾನಕ್ಕಿಂತ ನನಗೆ ಇಷ್ಟವಾಗಿದ್ದು ಕೋಟೆಯ ಹಾಗೆ ಕಾಣುವ ದೇವಸ್ಥಾನ. 1739ರಲ್ಲಿ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ದ ಮರಾಠಾ ಸೇನಾನಿ ಚಿಮಾಜಿ ಅಪ್ಪಾ, ಹರಕೆ ತೀರಿಸಲು ಕಟ್ಟಿಸಿದ್ದು. ಪಕ್ಕದ ಗಣೇಶಪುರಿ ಕಾಞಂಗಾಡಿನ ಸಂತ ನಿತ್ಯಾನಂದರು 1961ರಲ್ಲಿ ತೀರಿಕೊಳ್ಳುವ ತನಕ ಇದ್ದ ಊರು. ಮಂಗಳೂರು ಕಡೆಯಿಂದ ಬಂದವರು ಅಲ್ಲಿ ಈಗಲೂ ಸಿಗುತ್ತಾರೆ, ತುಳುವಿನಲ್ಲೇ ಹರಟೆ ಹೊಡೆಯಬಹುದು. ಭಾನುವಾರ ಮಾತ್ರ ಕಾಲಿಡಲೂ ಜಾಗ ಇರುವುದಿಲ್ಲ, ಬೆಳಗಿನ ಜಾವವೇ ಹೋಗಿಬಿಡಿ.

ಹೋಗೋದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ. ಮಳೆಗಾಲದಲ್ಲಿ ನದಿ ಉಕ್ಕಿದರೆ ದಡದ ಕುಂಡಗಳಿಗೆ ಕೆಸರು ನೀರು ನುಗ್ಗುತ್ತದೆ, ಏಪ್ರಿಲ್ ಮೇ ಸೆಕೆಯಲ್ಲಿ ಬಿಸಿನೀರು ಯಾರಿಗೆ ಬೇಕು?